ಕಡಲು ಮರಳಿ ಕೊಟ್ಟದ್ದು

ಸೋದರಿಯರೆ, ಇದು ಶಾಲೆಯ ಮಕ್ಕಳಿಗೆ ಪಾಠ ಹೇಳಲು ಹೋದ ನಾನು ತಲೆ ತಗ್ಗಿಸಿಕೊಂಡು ಮನೆಗೆ ಬಂದ ಕತೆ. ಓದಿ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ. ಆದರೆ ನಕ್ಕಾದ ಮೇಲೆ ಒಮ್ಮೆ ಎದ್ದು, ನಿಮ್ಮ ದೇವರ ಕೋಣೆಯ ಮೂಲೆಯಲ್ಲಿ ನಿರ್ಮಾಲ್ಯ ತುಂಬಿಟ್ಟ ಪ್ಲಾಸ್ಟಿಕ್ ಕವರು ಇದೆಯೇ ಎಂದು ನೋಡಿ ಬನ್ನಿ. ಇದ್ದರೆ, ಇದು ನಿಮಗಾಗಿಯೇ ಬರೆದದ್ದು ಎಂದು ತಿಳಿಯಿರಿ.

ನಮ್ಮದು ಹೊನ್ನಾವರದ ಬಳಿ, ಶರಾವತಿ ಹೊಳೆ ಸಮುದ್ರ ಸೇರುವ ಕಡೆಯ ಊರು. 2024ರ ಚೌತಿಯ ಗಣಪತಿಯನ್ನು ನೀರಿಗೆ ಬಿಟ್ಟು ಎರಡು ದಿನ ಆಗಿತ್ತು. ಮಗಳ ಶಾಲೆಯ ದೊಡ್ಡಕ್ಕೋರು ಮನೆಗೇ ಬಂದರು. (ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ವಾಡಿಕೆ. ಮುಖ್ಯೋಪಾಧ್ಯಾಯಿನಿ ದೊಡ್ಡಕ್ಕೋರು.)

“ಮುಂದಿನ ಶನಿವಾರ ಮಕ್ಕಳನ್ನು ಕಡಲ ದಂಡೆಗೆ ಕಸ ಹೆಕ್ಕಲಿಕ್ಕೆ ಕರ್ಕೊಂಡು ಹೋಗ್ತೇವೆ. ಅದಕ್ಕಿಂತ ಮೊದಲು ನಾಳೆ ನೀವು ಒಂದು ಗಂಟೆ ಬಂದು ಮಾತಾಡಿ. ನಾವು ಹೇಳಿದ್ರೆ ಮಕ್ಕಳಿಗೆ ಅದು ದಿನಾ ಕೇಳುವ ಕೊರೆತ. ನೀವಾದ್ರೆ ಸೈನ್ಸ್ ಓದಿದವರು, ಮೇಲಾಗಿ ಮಕ್ಕಳ ತಾಯಿ” ಎಂದರು.

ಹೊಗಳಿದರೆ ಉಬ್ಬದವರು ಯಾರಿದ್ದಾರೆ? ಒಪ್ಪಿಕೊಂಡೆ. ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರ ಜಗತ್ತಿನ ಎಷ್ಟೋ ದೇಶಗಳಲ್ಲಿ ಕಡಲತೀರ ಶುಚಿ ಮಾಡುತ್ತಾರೆ. 1986ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓಹಾರಾ ಎಂಬ ಇಬ್ಬರು ಹೆಂಗಸರು ಆರಂಭಿಸಿದ ಕೆಲಸ ಇದು. ಅವರು ಕಸ ಹೆಕ್ಕಿ ಸುಮ್ಮನಾಗಲಿಲ್ಲ. ಸಿಕ್ಕ ಪ್ರತಿಯೊಂದು ವಸ್ತುವನ್ನೂ ಬರೆದಿಡಿ ಎಂದರು. ಯಾವ ಕಸ ಎಷ್ಟು ಎಂದು ತಿಳಿದರೆ ತಾನೆ ಅದು ಎಲ್ಲಿಂದ ಬಂತು ಎಂದು ಹುಡುಕಲು ಸಾಧ್ಯ? ನಾವು ಮನೆಖರ್ಚಿನ ಲೆಕ್ಕ ಬರೆದಿಡುವುದೂ ಹಾಗೆಯೇ ಅಲ್ಲವೆ? ಈ ವಿಷಯ ನನಗೆ ಬಹಳ ಹಿಡಿಸಿತು. ಇದನ್ನೇ ಮಕ್ಕಳಿಗೂ ಹೇಳಬೇಕು ಎಂದುಕೊಂಡು ಹೊರಟೆ.

ಬೆರಳಿಗೆ ರಬ್ಬರ್ ಬ್ಯಾಂಡು

ಐದು ಮತ್ತು ಆರನೆಯ ತರಗತಿಯ ಮಕ್ಕಳು. ನಾನು ಮೊದಲ ಹತ್ತು ನಿಮಿಷ ಭಾಷಣ ಮಾಡಿದೆ. ಭೂಮಿಯ ಮುಕ್ಕಾಲು ಪಾಲು ನೀರು, ಸಾಗರ ನಮ್ಮ ಸಂಪತ್ತು, ಇತ್ಯಾದಿ. ಹಿಂದಿನ ಬೆಂಚಿನ ಹುಡುಗ ಬಾಯಿ ತೆರೆದು ಆಕಳಿಸಿದ. ಕಡಲ ಬದಿಯಲ್ಲೇ ಹುಟ್ಟಿದ ಮಕ್ಕಳಿಗೆ ನಾನು ಕಡಲಿನ ವರ್ಣನೆ ಮಾಡುತ್ತಿದ್ದೆ ನೋಡಿ! ಭಾಷಣ ನಿಲ್ಲಿಸಿ, “ನಿಮ್ಮಲ್ಲಿ ಯಾರ ಮನೆಯಲ್ಲಿ ದೋಣಿ ಇದೆ?” ಎಂದು ಕೇಳಿದೆ. ಆಗ ತರಗತಿಗೆ ಜೀವ ಬಂತು.

“ಅಕ್ಕೋರೆ, ಬಲೆ ಎಳೆದ್ರೆ ಮೀನಿಗಿಂತ ಮೊದಲು ಕವರು ಬರ್ತದೆ” ಎಂದ ಒಬ್ಬ. ಇನ್ನೊಬ್ಬನ ಅಪ್ಪನ ದೋಣಿಯ ಫ್ಯಾನಿಗೆ ಗೋಣಿಚೀಲದ ಪ್ಲಾಸ್ಟಿಕ್ ನೂಲು ಸುತ್ತಿಕೊಂಡು ಎಂಜಿನ್ ನಿಂತಿತ್ತಂತೆ. ಒಬ್ಬಳು ಹುಡುಗಿ ತನ್ನ ಅಜ್ಜನ ಕಾಲದ ರಂಪಣಿ ಬಲೆಯ ಕತೆ ಹೇಳಿದಳು. ಊರಿಗೆ ಊರೇ ದಂಡೆಯಲ್ಲಿ ನಿಂತು ಎಳೆಯುತ್ತಿದ್ದ ಬಲೆ ಅದು. ಆಗ ಹತ್ತಿ, ಸೆಣಬಿನ ನೂಲಿನ ಬಲೆಗಳಿದ್ದವು. ಹರಿದು ನೀರಿಗೆ ಬಿದ್ದರೆ ಕೆಲ ಕಾಲಕ್ಕೆ ಕೊಳೆತು ಹೋಗುತ್ತಿದ್ದವು. ಈಗಿನ ನೈಲಾನ್ ಬಲೆ ಕೊಳೆಯುವುದಿಲ್ಲ. ತುಂಡಾಗಿ ಕಡಲಿಗೆ ಬಿದ್ದರೂ ಅದು ತನ್ನ ಪಾಡಿಗೆ ಮೀನು, ಆಮೆಗಳನ್ನು ಹಿಡಿಯುತ್ತಲೇ ಇರುತ್ತದೆ.

ಆಮೇಲೆ ಒಂದು ಆಟ ಆಡಿಸಿದೆ. ನಿಮ್ಮ ಮನೆಯ ಮಕ್ಕಳಿಗೂ ಆಡಿಸಬಹುದು. ಒಂದು ರಬ್ಬರ್ ಬ್ಯಾಂಡನ್ನು ಕಿರುಬೆರಳಿಗೆ ಸಿಕ್ಕಿಸಿ, ಅಂಗೈಯ ಹಿಂಬದಿಯಿಂದ ಎಳೆದು ತಂದು ಹೆಬ್ಬೆರಳಿಗೆ ಸಿಕ್ಕಿಸಿ. ಈಗ ಇನ್ನೊಂದು ಕೈ ಮುಟ್ಟಿಸದೆ, ಬಾಯಿ ಹಚ್ಚದೆ, ಎಲ್ಲಿಗೂ ಉಜ್ಜದೆ ಅದನ್ನು ಬಿಡಿಸಿಕೊಳ್ಳಬೇಕು. ಮಕ್ಕಳು ಬೆರಳು ತಿರುಚಿದ್ದೇ ತಿರುಚಿದ್ದು. ಮೊದಲು ನಗು, ಆಮೇಲೆ ಸಿಟ್ಟು. ಕಡೆಗೆ ಒಬ್ಬಳು, “ನೋಯ್ತದೆ ಅಕ್ಕೋರೆ, ತೆಗೀರಿ” ಎಂದಳು. “ಆಮೆಯ ಕುತ್ತಿಗೆಗೆ ಬಲೆಯ ತುಂಡು ಸಿಕ್ಕಿಕೊಂಡರೆ ಅದಕ್ಕೆ ತೆಗೆದುಕೊಡುವವರು ಯಾರು?” ಎಂದೆ. ತರಗತಿ ಸುಮ್ಮನಾಯಿತು.

ಎರಡನೆಯದು ಒಂದು ಬಕೆಟ್ ನೀರು, ಒಂದು ಬಿಳಿಯ ತೆಳು ಕವರು. ಕವರನ್ನು ನೀರಿನಲ್ಲಿ ಬಿಟ್ಟು ಮೆಲ್ಲಗೆ ಅಲುಗಿಸಿದರೆ ಅದು ಹಿಗ್ಗಿ ಕುಗ್ಗಿ ಥೇಟ್ ಲೋಳೆಮೀನಿನಂತೆ ತೇಲುತ್ತದೆ. ಅದೇ, ಜೆಲ್ಲಿ ಮೀನು ಎನ್ನುತ್ತಾರಲ್ಲ. ಕಡಲಾಮೆಗಳಿಗೆ ಲೋಳೆಮೀನು ಆಹಾರ. ಕವರನ್ನು ಅದೇ ಎಂದು ನಂಬಿ ನುಂಗಿದರೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಹೊಳೆಯಾಚೆಯ ಕಾಸರಕೋಡು ಟೊಂಕದ ಮರಳಿನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಬಂದು ಮೊಟ್ಟೆ ಇಡುವುದನ್ನು ನಮ್ಮ ಮಕ್ಕಳು ಕೇಳಿ ಬಲ್ಲರು. ಒಂದು ಗುಂಡಿಯಲ್ಲಿ 100ರ ಆಸುಪಾಸು ಮೊಟ್ಟೆ. ಮರಿಯೊಡೆಯಲು ಒಂದೂವರೆ ತಿಂಗಳ ಮೇಲೆ ಬೇಕು. ಆ ಪುಟ್ಟ ಮರಿಗಳು ಮರಳಿನ ಮೇಲೆ ತೆವಳಿ ನೀರು ಸೇರುವ ದಾರಿಯಲ್ಲೇ ಕಸ ಬಿದ್ದಿದ್ದರೆ?

ಮೂರನೆಯದು ಮರಳಿನ ಪರೀಕ್ಷೆ. ಗಾಜಿನ ಬಾಟಲಿಯಲ್ಲಿ ಗಟ್ಟಿ ಉಪ್ಪು ನೀರು ಮಾಡಿ, ದಂಡೆಯ ಮರಳು ಒಂದು ಹಿಡಿ ಹಾಕಿ ಅಲ್ಲಾಡಿಸಿ ಬಿಟ್ಟೆ. ಮರಳು ಕೆಳಗೆ ಕೂತಿತು. ಮೇಲೆ ತೇಲಿದ್ದು ಏನು? ಕಡ್ಡಿಚೂರಿನ ಜೊತೆಗೆ ನೀಲಿ, ಬಿಳಿ ಪ್ಲಾಸ್ಟಿಕ್ ಚೂರುಗಳು. ಪ್ಲಾಸ್ಟಿಕ್ ಎಲೆಯ ಹಾಗೆ ಕೊಳೆತು ಮಣ್ಣಾಗುವುದಿಲ್ಲ. ಬಿಸಿಲಿಗೆ, ತೆರೆಗೆ ಪುಡಿಯಾಗುತ್ತದೆ, ಅಷ್ಟೇ. 5 ಮಿಲಿಮೀಟರಿಗಿಂತ ಚಿಕ್ಕ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. ಅದು ಮೀನಿನ ಹೊಟ್ಟೆಯಲ್ಲೂ ಸಿಕ್ಕಿದೆ, ನಾವು ಸಾರಿಗೆ ಹಾಕುವ ಸಮುದ್ರದ ಉಪ್ಪಿನಲ್ಲೂ ಸಿಕ್ಕಿದೆ. 2020ರಲ್ಲಿ ಇಟಲಿಯ ವಿಜ್ಞಾನಿಗಳು ಹೆರಿಗೆಯಾದ ತಾಯಂದಿರ ಮಾಸಿನಲ್ಲೂ ಅದನ್ನು ಕಂಡರು. ಅದರಿಂದ ಶರೀರಕ್ಕೆ ಏನೇನಾಗುತ್ತದೆ ಎಂಬುದನ್ನು ಇನ್ನೂ ಅಭ್ಯಾಸ ಮಾಡುತ್ತಿದ್ದಾರೆ, ಹೆದರಿಸಲಿಕ್ಕೆ ಹೇಳುತ್ತಿಲ್ಲ. ಆದರೆ ಕಡಲಿಗೆ ಎಸೆದದ್ದು ಕಡಲಿನಲ್ಲೇ ಉಳಿಯುವುದಿಲ್ಲ ಎಂಬುದಂತೂ ಖಂಡಿತ.

ಇದಕ್ಕೆ ಒಂದು ಕತೆಯನ್ನೂ ಹೇಳಿದೆ. 1992ರ ಜನವರಿಯಲ್ಲಿ ಪೆಸಿಫಿಕ್ ಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗಿನಿಂದ ಕಂಟೇನರುಗಳು ನೀರಿಗುರುಳಿದವು. ಒಂದರಲ್ಲಿ ಸ್ನಾನದ ತೊಟ್ಟಿಯಲ್ಲಿ ತೇಲಿಬಿಡುವ 28,000ಕ್ಕೂ ಹೆಚ್ಚು ಆಟಿಕೆಗಳಿದ್ದವು. ಹಳದಿ ಬಾತುಕೋಳಿ, ಹಸಿರು ಕಪ್ಪೆ, ನೀಲಿ ಆಮೆ, ಹೀಗೆ. ತಿಂಗಳುಗಳ ನಂತರ ಅವು ಸಾವಿರಾರು ಮೈಲು ದೂರದ ಅಲಾಸ್ಕಾದ ದಂಡೆಗೆ ಬಂದು ಬಿದ್ದವು. ಮುಂದೆ ಎಷ್ಟೋ ವರ್ಷ ಬೇರೆ ಬೇರೆ ಕಡೆ ಸಿಗುತ್ತಲೇ ಇದ್ದವು. ಮಕ್ಕಳು ಬಿದ್ದು ಬಿದ್ದು ನಕ್ಕರು. “ಯಾರೋ ಬಿಟ್ಟದ್ದು ಯಾರ ಮನೆ ಬಾಗಿಲಿಗೋ!” ಎಂದು ನಾನೂ ನಕ್ಕೆ.

ಆ ನಗು ಒಂದೇ ವಾರಕ್ಕೆ ಮುಗಿಯುವುದಿತ್ತು.

ದೀರ್ಘ ಬಿಟ್ಟ ಗಣೇಶ

ಸೆಪ್ಟೆಂಬರ್ 21ರ ಬೆಳಿಗ್ಗೆ ದಂಡೆಗೆ ಹೋದೆವು. ಮಳೆಗಾಲದ ಕಡಲು ಇನ್ನೂ ಪೂರ್ತಿ ಶಾಂತವಾಗಿರಲಿಲ್ಲ. ಮಕ್ಕಳು ನೀರಿಗೆ ಇಳಿಯಬಾರದು, ಗಾಜು ಮತ್ತು ಸೂಜಿ ಕಂಡರೆ ಮುಟ್ಟದೆ ದೊಡ್ಡವರನ್ನು ಕರೆಯಬೇಕು, ಕೈಗವಸು ತೆಗೆಯಬಾರದು ಎಂದು ಮೂರು ಕಟ್ಟುಪಾಡು. ನಾಲ್ಕು ನಾಲ್ಕು ಮಕ್ಕಳ ಗುಂಪು. ಇಬ್ಬರು ಹೆಕ್ಕುವವರು, ಒಬ್ಬರು ಚೀಲ ಹಿಡಿಯುವವರು, ಒಬ್ಬರು ಬರೆಯುವವರು. ನಮ್ಮ ಮಗಳು ತನ್ನ ಗುಂಪಿನ ಲೆಕ್ಕದವಳು.

ಏನುಂಟು ಏನಿಲ್ಲ ಕೇಳಬೇಡಿ. ಕುರುಕಲು ತಿಂಡಿಯ ಪ್ಯಾಕೆಟ್ಟು, ಗುಟ್ಕಾ ಚೀಟಿ, ಬಾಟಲಿಯ ಮುಚ್ಚಳ, ಶಾಂಪೂ ಸ್ಯಾಶೆ, ಮಾತ್ರೆಯ ಖಾಲಿ ಹಾಳೆ, ನೈಲಾನ್ ಹಗ್ಗ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ. ಚಪ್ಪಲಿಗಳು ಬೇಕಾದಷ್ಟು, ಎಲ್ಲವೂ ಒಂಟಿ! “ಜೋಡಿ ಮಾಡಿ ಕೊಟ್ರೆ ಅಂಗಡಿ ಇಡಬಹುದಿತ್ತು” ಎಂದು ಹುಡುಗನೊಬ್ಬ ಹೇಳಿ ಎಲ್ಲರನ್ನೂ ನಗಿಸಿದ. ಮತ್ತೆ, ಗಂಟು ಹಾಕಿದ ಕವರುಗಳು. ಬಿಚ್ಚಿದರೆ ಕೊಳೆತ ಹೂವು, ಅರಶಿನದ ದಾರ, ಊದುಬತ್ತಿಯ ಖಾಲಿ ಪ್ಯಾಕೆಟ್ಟು. ಯಾವುದೋ ಮನೆಯ ದೇವರ ನಿರ್ಮಾಲ್ಯ.

ನಾನು ಒಂದು ಗುಂಪಿನಿಂದ ಇನ್ನೊಂದಕ್ಕೆ ಓಡಾಡುತ್ತಿದ್ದೆ. ಮಗಳ ಗುಂಪಿನ ಬಳಿ ಬಂದಾಗ ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು. ಮುಖ ಬಾಡಿತ್ತು. ಏನೇ ಎಂದರೆ ಮಾತಿಲ್ಲ. ಬೆನ್ನ ಹಿಂದೆ ಬಗ್ಗಿ ನೋಡಿದೆ. ಕೈಯಲ್ಲಿ ಒಂದು ತುಂಡು ಥರ್ಮಾಕೋಲ್. ಅದರ ಮೇಲೆ ಬಂಗಾರದ ಬಣ್ಣದಲ್ಲಿ ‘ಶ್ರೀ ಗಣೆಶ’ ಎಂದಿತ್ತು. ಗಣೇಶನ ಣಕಾರಕ್ಕೆ ದೀರ್ಘ ಇರಲಿಲ್ಲ.

ಆ ದೀರ್ಘ ಬಿಟ್ಟವಳು ನನ್ನ ಮಗಳೇ. ಚೌತಿಯ ಹಿಂದಿನ ರಾತ್ರಿ ಅಟ್ಟದ ಮೇಲೆ ವರ್ಷಗಳಿಂದ ಬಿದ್ದಿದ್ದ ಹಳೆಯ ಥರ್ಮಾಕೋಲ್ ಹಾಳೆ ಇಳಿಸಿ ಮಂಟಪ ಮಾಡಿದ್ದೆವು. ಅವಳು ಬರೆದದ್ದನ್ನು ಕಂಡು, “ದೀರ್ಘ ಎಲ್ಲಿ ಹೋಯಿತೇ?” ಎಂದು ನಾನೇ ನಕ್ಕಿದ್ದೆ. ಐದನೆಯ ದಿನ ಗಣಪತಿಯನ್ನು ಹೊಳೆಗೆ ಬಿಡಲು ಹೊರಟ ನಮ್ಮವರ ಕೈಗೆ ನಿರ್ಮಾಲ್ಯದ ಕವರು, ಮುರಿದ ಮಂಟಪ ಎಲ್ಲವನ್ನೂ ಕೊಟ್ಟು, “ಇದನ್ನೂ ನೀರಿಗೆ ಬಿಟ್ಟು ಬನ್ನಿ, ಕಾಲಿಗೆ ಸಿಗಬಾರದು” ಎಂದವಳೂ ನಾನೇ. ಅದಾಗಿ ಮೂರೇ ದಿನಕ್ಕೆ ತರಗತಿಯಲ್ಲಿ ನಿಂತು ಆಮೆಯ ಕತೆ ಹೇಳಿದ್ದೆ! ಹೇಳುವಾಗ ಆ ಮಂಟಪ ಒಮ್ಮೆಯೂ ನೆನಪಿಗೆ ಬರಲಿಲ್ಲವಲ್ಲ, ಅದೇ ಆಶ್ಚರ್ಯ. ದೇವರ ಸಾಮಾನನ್ನು ನಾನು ಕಸ ಎಂದು ಎಣಿಸಿಯೇ ಇರಲಿಲ್ಲ.

ಆಗ ನಾನು ಮಾಡಿದ್ದೇನು ಗೊತ್ತೆ? ಆ ತುಂಡನ್ನು ಮೆಲ್ಲಗೆ ಇಸಿದುಕೊಂಡು ನನ್ನ ಕೈಚೀಲಕ್ಕೆ ಹಾಕಿ, “ನಡಿ ನಡಿ, ಮುಂದೆ ಹೆಕ್ಕಿ” ಎಂದೆ. ಯಾರೂ ನೋಡಲಿಲ್ಲ. ಮಗಳೊಬ್ಬಳೇ ನೋಡಿದಳು.

ರಾತ್ರಿ ಹಾಸಿಗೆಯಲ್ಲಿ ಅವಳು ಕೇಳಿದಳು: “ಅಮ್ಮಾ, ಅದನ್ನು ನಾನು ಲೆಕ್ಕದಲ್ಲಿ ಬರೀಲಿಲ್ಲ. ಬರೀಬೇಕಿತ್ತಾ?”

ಉತ್ತರ ಹೇಳಲಾಗದೆ ದೀಪ ಆರಿಸಿದೆ. ನಿದ್ದೆ ಬರಲಿಲ್ಲ. ಕಸ ಎಸೆದದ್ದು ಒಂದು ತಪ್ಪು. ಅದನ್ನು ಮುಚ್ಚಿಡುವುದನ್ನು ಹತ್ತು ವರ್ಷದ ಮಗಳಿಗೆ ಕಲಿಸಿದ್ದು ಅದಕ್ಕಿಂತ ದೊಡ್ಡದು. ಅಮ್ಮನ ಮರ್ಯಾದೆ ಉಳಿಸಲಿಕ್ಕೆ ಅವಳು ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ನಾನು ಅದಕ್ಕೆ ಶಹಭಾಸ್ ಹೇಳಿದ ಹಾಗೇ ಆಯಿತಲ್ಲ.

ಅತ್ತೆಯವರ ಬುಟ್ಟಿ

ಮರುದಿನ ದೋಸೆ ಹುಯ್ಯುತ್ತಾ ಅತ್ತೆಯವರ ಬಳಿ ಎಲ್ಲ ಹೇಳಿದೆ. ಸಂಪ್ರದಾಯಕ್ಕೆ ಕೈ ಹಚ್ಚುತ್ತೇನೆಂದು ಸಿಟ್ಟಾಗಬಹುದು ಎಂಬ ಅಳುಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವೂ ಹೊಳೆಗೇ ಬಿಡ್ತಿದ್ವು. ಆದ್ರೆ ಬಿದಿರಿನ ಬುಟ್ಟೀಲಿ ತಗೊಂಡು ಹೋಗಿ, ಹೂವು ನೀರಿಗೆ ಹಾಕಿ, ಬುಟ್ಟಿ ತೊಳೆದು ಮನೆಗೆ ತರ್ತಿದ್ವು. ಬುಟ್ಟಿ ಸಮೇತ ಯಾರು ಬಿಡ್ತಾರೆ ಮಾರಾಯ್ತಿ?” ಎಂದರು.

ನೋಡಿ, ಎಷ್ಟು ಸರಳ! ತಪ್ಪು ಹೂವಿನದಲ್ಲ, ಭಕ್ತಿಯದೂ ಅಲ್ಲ. ನಡುವೆ ಬಂದು ಸೇರಿಕೊಂಡ ಕವರಿನದು. ಈಗ ಅಷ್ಟೊಂದು ಜನ ಹೊಳೆಗೆ ಬಿಟ್ಟರೆ ಬರೀ ಹೂವು ಕೂಡ ಹೆಚ್ಚೇ ಎಂದು ನಾನೆಂದೆ. “ಹಾಗಾದ್ರೆ ದಾಸವಾಳದ ಬುಡಕ್ಕೆ ಹಾಕು. ಮತ್ತೆ ಹೂವಾಗಿ ದೇವರ ತಲೆಗೇ ಬರ್ತದೆ” ಎಂದರು. ಅಂದೇ ಹಿತ್ತಿಲಲ್ಲಿ, ಯಾರೂ ತುಳಿಯದ ಕಡೆ, ನಿರ್ಮಾಲ್ಯಕ್ಕೆಂದೇ ಒಂದು ಗುಂಡಿ ತೋಡಿಸಿದೆವು.

ಮುಂದಿನ ಶನಿವಾರ ನಾನೇ ಶಾಲೆಗೆ ಹೋದೆ. ಮಗಳ ಕೈ ಹಿಡಿದು ಹೋಗುವಾಗ ನನ್ನ ಕಾಲು ಭಾರವಾಗಿದ್ದವು. ಥರ್ಮಾಕೋಲ್ ತುಂಡನ್ನು ಮೇಜಿನ ಮೇಲಿಟ್ಟು, “ಮಕ್ಕಳೇ, ಇದು ನನ್ನ ಮನೆಯದು. ಲೆಕ್ಕದ ಹಾಳೆಯಲ್ಲಿ ಸೇರಿಸಿ” ಎಂದೆ. ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ ಎಂಬುದನ್ನೂ, ಹಳೆಯದು ತಾನೆ ಎಂದು ನಾನು ಬಳಸಿದ್ದನ್ನೂ ಹೇಳಿದೆ. ಯಾರಾದರೂ ನಕ್ಕಾರು ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಒಬ್ಬ ಹುಡುಗ ಎದ್ದು ನಿಂತು, “ಅಕ್ಕೋರೆ, ನಮ್ಮನೆಯಲ್ಲೂ ಕಸ ಗಟಾರಕ್ಕೇ ಹಾಕೋದು” ಎಂದ. ಆಮೇಲೆ ಇನ್ನೊಬ್ಬಳು. ಮತ್ತೊಬ್ಬ. ನನ್ನ ಮೊದಲ ದಿನದ ಪಾಠದಿಂದ ಆಗದ್ದು ಅಂದು ಆಯಿತು. ಮಗಳು ಲೆಕ್ಕದ ಹಾಳೆಯಲ್ಲಿ ಥರ್ಮಾಕೋಲಿನ ಸಾಲಿಗೆ ಒಂದು ಗೀಟು ಹೆಚ್ಚಿಗೆ ಎಳೆದಳು. ಅವಳ ಮುಖ ನೋಡಿ ನನಗೆ ಉಸಿರು ಬಂತು.

ನಿಮ್ಮೂರಿಗೆ ಸಮುದ್ರವಿಲ್ಲ ಎನ್ನಬೇಡಿ

“ಇದೆಲ್ಲ ಕಡಲ ಬದಿಯವರ ಪಾಡು, ನಮ್ಮೂರಿನಲ್ಲಿ ಸಮುದ್ರ ಎಲ್ಲಿದೆ?” ಎಂದು ನೀವು ಕೇಳಬಹುದು. ನಿಮ್ಮ ಮನೆಯ ಮುಂದೆ ಗಟಾರವಿದೆಯಲ್ಲ? ಸಮುದ್ರದ ಕಸದಲ್ಲಿ ಹೆಚ್ಚಿನ ಪಾಲು ಹಡಗಿನದಲ್ಲ, ನೆಲದಿಂದ ಹೋದದ್ದು. ಗಟಾರದ ಕಸ ಮಳೆಗೆ ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ. ತೀರ್ಥಹಳ್ಳಿಯ ತುಂಗೆ, ಹರಿಹರದಲ್ಲಿ ತುಂಗಭದ್ರೆಯಾಗಿ, ಮುಂದೆ ಕೃಷ್ಣೆಯೊಡನೆ ಬಂಗಾಳಕೊಲ್ಲಿಗೆ. ಹಾಸನದ ಕಡೆಯ ಹೇಮಾವತಿ ಕಾವೇರಿಯೊಡನೆ ಅಲ್ಲಿಗೇ. ಘಟ್ಟದ ಪಡುವಣದ ನೇತ್ರಾವತಿ, ಅಘನಾಶಿನಿ, ಕಾಳಿ ನಮ್ಮ ಅರಬ್ಬಿ ಸಮುದ್ರಕ್ಕೆ. ದಾರಿಯಲ್ಲಿ ಕಟ್ಟೆ, ಅಣೆಕಟ್ಟುಗಳಲ್ಲಿ ಕೆಲವು ಕಸ ನಿಲ್ಲಬಹುದು. ನಿಂತಲ್ಲಿ ಅದು ಆ ನೀರನ್ನೇ ಕೆಡಿಸುತ್ತದೆ.

ಹಾಗಾಗಿ ಮಕ್ಕಳಿಗೆ ಈ ಪಾಠ ಹೇಳಲು ಕಡಲೇ ಬೇಕೆಂದಿಲ್ಲ. ಒಂದು ಭಾನುವಾರ ಮಕ್ಕಳ ಜೊತೆ ನಿಮ್ಮ ಮನೆಯ ಗಟಾರದ ಗುಂಟ ನಡೆದುಕೊಂಡು ಹೋಗಿ, ಅದು ಎಲ್ಲಿ ಸೇರುತ್ತದೆ ನೋಡಿ ಬನ್ನಿ. ಒಂದು ವಾರ ಮನೆಯ ಪ್ಲಾಸ್ಟಿಕ್ ಕಸವನ್ನು ಎಸೆಯದೆ ಒಂದು ಗೋಣಿಯಲ್ಲಿ ಕೂಡಿಡಿ. ಭಾನುವಾರ ಮಕ್ಕಳೇ ಎಣಿಸಿ ಬರೆಯಲಿ. ಹಿತ್ತಿಲಲ್ಲಿ ಬಾಳೆ ಎಲೆ, ಕಾಗದ, ಬಟ್ಟೆಯ ತುಂಡು, ತಿಂಡಿಯ ಪ್ಯಾಕೆಟ್ಟು ನಾಲ್ಕನ್ನೂ ಹೂತು, ಎರಡು ತಿಂಗಳು ಬಿಟ್ಟು ಅಗೆಸಿ. ಬಾಯಿಮಾತು ಬೇಕಾಗುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಪಾಲಿಸುವ ನಾಲ್ಕು ಮಾತು ಹೇಳುತ್ತೇನೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ; ಸ್ವಲ್ಪ ಅಂಟಿಕೊಂಡಿರಲಿ. ಆ ಸಣ್ಣ ಚೂರನ್ನು ಯಾರೂ ಹೆಕ್ಕುವುದಿಲ್ಲ, ನೀರಿನೊಂದಿಗೆ ಅದೇ ಮೊದಲು ಹೋಗುವುದು. ಖಾಲಿ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಒಣಕಸದ ಗಾಡಿಗೆ ಕೊಡಿ. ಬಚ್ಚಲ ಹಂಡೆಯ ಒಲೆಗೆ ಕವರು ಹಾಕಿ ಬೆಂಕಿ ಹೊತ್ತಿಸುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ದಯವಿಟ್ಟು ಬಿಡಿ, ಆ ಹೊಗೆ ವಿಷ, ಅದನ್ನು ಮೊದಲು ಉಸಿರಾಡುವವರು ನಾವೇ. ಹಳೆಯ ಸೀರೆಯ ಅಂಚಿನಲ್ಲಿ ಎರಡು ಚೀಲ ಹೊಲಿದು ಒಂದನ್ನು ನಿಮ್ಮ ಪರ್ಸಿನಲ್ಲಿ, ಇನ್ನೊಂದನ್ನು ಯಜಮಾನರ ಸ್ಕೂಟರಿನಲ್ಲಿ ಇಡಿ. ಮಕ್ಕಳ ಶಾಲೆಯ ಡಬ್ಬಿಗೆ ಪ್ಯಾಕೆಟ್ ತಿಂಡಿಯ ಬದಲು ಚಕ್ಕುಲಿ, ಹುರಿಗಡಲೆ, ಬೆಲ್ಲದವಲಕ್ಕಿ ಹಾಕಿದರೆ ಪ್ಯಾಕೆಟ್ಟಿನ ಪ್ರಶ್ನೆಯೇ ಇಲ್ಲ.

2025ರ ಮೇ 25ರಂದು ಕೇರಳದ ಕೊಚ್ಚಿಯ ಆಚೆ ಕಡಲಿನಲ್ಲಿ 640 ಕಂಟೇನರುಗಳಿದ್ದ ಹಡಗೊಂದು ಮುಳುಗಿ, ಪ್ಲಾಸ್ಟಿಕ್ ಹರಳುಗಳು ತಿರುವನಂತಪುರದವರೆಗಿನ ದಂಡೆಗಳಿಗೆ ಬಂದು ಬಿದ್ದವು. ಪತ್ರಿಕೆಯಲ್ಲಿ ಅದನ್ನೋದಿದ ಮಗಳು, “ಒಂದೇ ಹಡಗು ಇಷ್ಟು ಮಾಡಿದ್ರೆ ನಾವು ಮೂಲೆ ಕತ್ತರಿಸದೆ ಇದ್ದು ಏನು ಬಂತಮ್ಮ?” ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಹಡಗಿನವರನ್ನು ಕೇಳುವುದಕ್ಕೆ ಸರಕಾರ, ನ್ಯಾಯಾಲಯಗಳಿವೆ. ನಮ್ಮ ಮನೆಯ ಕವರಿಗೆ ಮಾತ್ರ ನಾವೇ ಉತ್ತರ ಹೇಳಬೇಕು. ಅದನ್ನೇ ಅವಳಿಗೂ ಹೇಳಿದೆ. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಆದರೆ ಸಂಜೆ ಅಂಗಡಿಗೆ ಹೊರಟಾಗ ಚೀಲವನ್ನು ತಾನೇ ತೆಗೆದುಕೊಂಡಳು.

ಆ ಥರ್ಮಾಕೋಲ್ ತುಂಡು ಈಗಲೂ ಶಾಲೆಯ ಕಪಾಟಿನ ಮೇಲಿದೆ. ಪಾಠಕ್ಕೆ ಬೇಕೆಂದು ದೊಡ್ಡಕ್ಕೋರು ಇಟ್ಟುಕೊಂಡಿದ್ದಾರೆ. 2025ರ ಚೌತಿಗೆ ನಮ್ಮ ಮನೆಯಲ್ಲಿ ಬಾಳೆದಿಂಡು, ಅಡಿಕೆ ಹಾಳೆಗಳ ಮಂಟಪ. ಮುಗಿದ ಮೇಲೆ ಎಲ್ಲವೂ ತೋಟದ ಗೊಬ್ಬರಕ್ಕೆ. ಮಂಟಪದ ಮುಂದೆ ಮಗಳು ರಂಗೋಲಿಯಲ್ಲಿ ‘ಶ್ರೀ ಗಣೇಶ’ ಎಂದು ಬರೆದಳು. ಈ ಸಲ ದೀರ್ಘ ಬಿಟ್ಟಿರಲಿಲ್ಲ.

ನಿಮ್ಮ ಮನೆಯಲ್ಲಿ ನಿರ್ಮಾಲ್ಯಕ್ಕೆ ಇದಕ್ಕಿಂತ ಸುಲಭದ ಉಪಾಯ ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಹಿತ್ತಿಲಿಲ್ಲದ ಬಾಡಿಗೆ ಮನೆಯ ಸೋದರಿಯರಿಗೆ ಅದರಿಂದ ಉಪಕಾರವಾದೀತು.